ಹಂಸಳ ಮೈಮೇಲೆ ಬಂದದ್ದು ಯಾರು?

ಲಿಂಗರಾಜಪುರದ ಅಕ್ಕಯಮ್ಮನದು ಒಂದೇ ಹಟ: ಮಾರಮ್ಮನಿಗೆ ತಂಬಿಟ್ಟಿನ ಆರತಿ ಹೊತ್ತವರು ಗುಡಿಗೆ ಒಪ್ಪಿಸುವ ತನಕ ತೊಟ್ಟು ನೀರೂ ಮುಟ್ಟಬಾರದು. ಆ ಮಂಗಳವಾರ ಆರತಿ ಹೊತ್ತವಳು ಹೊಸ ಸೊಸೆ ಹಂಸ. ತಮಟೆ ಜೋರು, ಬಿಸಿಲು ಅದಕ್ಕಿಂತ ಜೋರು. ಗುಡಿಯ ಮುಂದೆ ತಟ್ಟೆ ಇಳಿಸಿದವಳೇ ಹಂಸ ತೂರಾಡಿದಳು, ಕಣ್ಣು ಮೇಲಾಯಿತು.

"ಅಮ್ಮ ಬಂದವ್ಳೆ! ನನ್ ಸೊಸೆ ಮೈಮೇಲೆ ಅಮ್ಮ ಬಂದವ್ಳೆ!" ಅಕ್ಕಯಮ್ಮನಿಗೆ ಹಿಗ್ಗೋ ಹಿಗ್ಗು. ಇಬ್ಬರು ಹಂಸಳ ರೆಟ್ಟೆ ಹಿಡಿದು ನೆಟ್ಟಗೆ ನಿಲ್ಲಿಸಿದರು. ಜನ ಮುತ್ತಿಕೊಂಡರು. "ತಾಯಿ, ನಮ್ ಬೋರ್‌ವೆಲ್‌ನಾಗೆ ನೀರು ಬತ್ತದಾ? ಹೇಳವ್ವ!"

ತಾಯಿ ಬಾಯಿ ಬಿಡಲಿಲ್ಲ. ಹಂಸಳ ಮುಖ ಬಿಳಿಚಿಕೊಂಡಿತ್ತು, ಕತ್ತು ಜೋತುಬಿದ್ದಿತ್ತು.

ಅಕ್ಕಯಮ್ಮನ ವಠಾರದಲ್ಲಿ ಬಾಡಿಗೆಗಿದ್ದ ಕಲಬುರಗಿಯ ರಾಜೇಶ್ವರಿ ಮಹಿಳಾ ಸಂಘದಲ್ಲಿ ಪ್ರಥಮ ಚಿಕಿತ್ಸೆ ಕಲಿತಿದ್ದಳು. ಜನರನ್ನು ಸೀಳಿಕೊಂಡು ಬಂದಳು. "ಅಮ್ಮಾರ, ಆಕಿಗಿ ಎಚ್ಚರ ತಪ್ಪೇದ್ರಿ! ನಿಂದ್ರಸಬ್ಯಾಡ್ರಿ, ತಲಿಗಿ ರಕ್ತ ಹೋಗಂಗಿಲ್ಲ. ಮಲಗಸ್ರಿ!"

"ಸುಮ್ಕಿರೇ! ಅಮ್ಮನ್ನ ನೆಲಕ್ಕೆ ಕೆಡವ್ತಾರಾ?"

"ಮಲಗಿಸಿದ್ರ ಅಮ್ಮ ಮುನಿಯಂಗಿಲ್ರಿ. ನಿಲ್ಲಿಸಿದ್ರ ನಿಮ್ಮ ಸೊಸಿ ಉಳಿಯಂಗಿಲ್ಲ!"

ಅಕ್ಕಯಮ್ಮ ಸೊಸೆಯ ಕೈ ಮುಟ್ಟಿದಳು. ತಣ್ಣಗೆ ಕೊರೆಯುತ್ತಿತ್ತು. ಬೆಳಗ್ಗೆ ಒಂದು ಲೋಟ ಕಾಫಿ ಕೇಳಿದ್ದ ಕೂಸು! "ಮಲಗ್ಸ್ರೋ, ಬೇಗ ಮಲಗ್ಸಿ!" ಎಂದು ಕಿರುಚಿದಳು.

ನೆರಳಲ್ಲಿ ಅಂಗಾತ ಮಲಗಿಸಿದರು. ರಾಜೇಶ್ವರಿ ಮೊದಲು ಉಸಿರು ನೋಡಿದಳು, ಆಡುತ್ತಿತ್ತು. ಬಿಗಿದ ಡಾಬು ಸಡಿಲಿಸಿದಳು, ಜನರನ್ನು ಹಿಂದೆ ಸರಿಸಿದಳು. ಯಾರೋ ತೀರ್ಥ ಕುಡಿಸಲು ಬಂದರು. "ಎಚ್ಚರ ಆಗೋತನ ಬಾಯಾಗ ಏನೂ ಹಾಕಬ್ಯಾಡ್ರಿ, ಉಸಿರು ಕಟ್ಟತದ. ಕಾಲು ಒಂದೀಟು ಎತ್ತರಕ್ಕ ಇಡಬೇಕು, ದಿಂಬೇನರ ಅದಾ?"

ದಿಂಬು ಎಲ್ಲಿಂದ ಬರಬೇಕು! ಅಕ್ಕಯಮ್ಮ ಅಲ್ಲೇ ನೆಲದ ಮೇಲೆ ಕೂತು, ಸೊಸೆಯ ಎರಡೂ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

ಸ್ವಲ್ಪ ಹೊತ್ತಿಗೆ ಹಂಸ ಕಣ್ಣು ಬಿಟ್ಟಳು. "ಅಯ್ಯಯ್ಯೋ ಅತ್ತೆ, ನನ್ ಕಾಲು!"

"ಇರ್ಲಿ ಬಿಡವ್ವ, ಅಲ್ಲಾಡಬೇಡ. ಏನ್ ಬೇಕು ಹೇಳು."

"ಹಸಿವು, ಅತ್ತೆ."

"ಕೊನೆಗೂ ಅಮ್ಮ ಬಾಯ್ಬಿಟ್ಲು!" ಎಂದರು ಯಾರೋ. ಗುಡಿಯೆಲ್ಲಾ ಗೊಳ್ಳೆಂದಿತು, ಅಕ್ಕಯಮ್ಮನೂ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು. ಹಂಸಳನ್ನು ನಿಧಾನವಾಗಿ ಕೂರಿಸಿ, ಗುಟುಕು ಗುಟುಕಾಗಿ ಪಾನಕ ಕುಡಿಸಿದರು. ಮರುವರ್ಷ ಆರತಿಗೆ ಮೊದಲು ಅಕ್ಕಯಮ್ಮನೇ ಬಾಗಿಲಲ್ಲಿ ನಿಂತು, ಉಪ್ಪಿಟ್ಟು ತಿನ್ನದವರಿಗೆ ತಟ್ಟೆ ಕೊಡಲಿಲ್ಲ.

ಅಕ್ಕ ತಂಗಿಯರೇ, ನಿಮ್ಮೆದುರು ಯಾರಾದರೂ ತಲೆ ಸುತ್ತಿ ಬಿದ್ದರೆ ಎತ್ತಿ ನಿಲ್ಲಿಸಬೇಡಿ. ಮಲಗಿಸಿ, ಕಾಲು ಮೇಲಿಡಿ, ಗಾಳಿ ಬಿಡಿ. ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಿ. ಒಂದು ನಿಮಿಷದಲ್ಲಿ ಎಚ್ಚರವಾಗದಿದ್ದರೆ, ಉಸಿರಾಟ ಸರಿಯಿಲ್ಲದಿದ್ದರೆ, ಎದೆನೋವು, ಫಿಟ್ಸ್, ತಲೆಗೆ ಪೆಟ್ಟು ಇದ್ದರೆ, ಬಸುರಿಯಾಗಿದ್ದರೆ ತಕ್ಷಣ ೧೦೮ಕ್ಕೆ ಫೋನ್ ಮಾಡಿ. ದೇವರಿಗೆ ಕೈಮುಗಿಯಲು ಆಮೇಲೂ ಹೊತ್ತಿದೆ. ಬಿದ್ದವರಿಗೆ ಮೊದಲು ನಿಮ್ಮ ಕೈ ಬೇಕು.