ಅಧಿಕಾರಿಯ ಉಗುರು ಕತ್ತರಿಸಿದ್ದು

ಉಗುರು ಕತ್ತರಿಸುವ ಕೆಲಸದಲ್ಲಿ ನನ್ನನ್ನು ಮೀರಿಸುವವರು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಸದ್ಯಕ್ಕೆ ತೊಟ್ಟಿಲಲ್ಲಿರಬೇಕು. ಮರೆವಿನ ಕಾಯಿಲೆಯವರು ವಾಸಿಸುವ ಮನೆಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಅಟೆಂಡರ್ ಆಗಿದ್ದೇನೆ. ಇಷ್ಟು ದಿನ ಕತ್ತರಿಸಿದ್ದನ್ನೆಲ್ಲ ರಾಶಿ ಹಾಕಿದ್ದರೆ ಹಿತ್ತಲಲ್ಲಿ ಒಂದು ಗುಡ್ಡ ಎದ್ದು, ಜನ ಅದನ್ನು ಹತ್ತಿ ಸೂರ್ಯಾಸ್ತ ನೋಡುತ್ತಿದ್ದರು. ಹೊಸದಾಗಿ ಯಾರೇ ಸೇರಲಿ, ಮೊದಲ ದಿನ ಅವರ ಕಾಲು ಬೆಚ್ಚಗಿನ ನೀರಲ್ಲಿಟ್ಟು ಉಗುರು ಕತ್ತರಿಸುವುದು ನನ್ನ ಸ್ವಾಗತ ಸಮಾರಂಭ. ಕಾಲು ನನ್ನ ಕೈಗೆ ಬಂತೆಂದರೆ ಎಂಥ ಹುಲಿಯೂ ಅರ್ಧ ಗಂಟೆಯಲ್ಲಿ ಮೊಲವಾಗುತ್ತದೆ.

ನಮ್ಮಲ್ಲಿರುವವರು ಹನ್ನೊಂದು ಜನ. ಕಾನೂನು ಒಂದೇ: ಅವರು ಏನು ಹೇಳಿದರೂ ‘ಇಲ್ಲ’ ಎನ್ನಬಾರದು. ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಲಿಫ್ಟ್ ತಾತ ಕೂತಿರುತ್ತಾರೆ. ಯಾವುದೋ ದೊಡ್ಡ ಕಟ್ಟಡದಲ್ಲಿ ನಲವತ್ತು ವರ್ಷ ಲಿಫ್ಟ್ ನಡೆಸಿದವರು. ನಮ್ಮ ಮನೆಗೆ ಮಹಡಿಯೇ ಇಲ್ಲ. ಆದರೂ ಯಾರು ಹಾದುಹೋದರೂ “ಯಾವ ಮಹಡಿ?” ಎಂದು ಕೇಳುತ್ತಾರೆ. “ಎರಡು” ಎಂದು ಹೇಳಿ ನಿಂತುಕೊಳ್ಳಬೇಕು. ಅವರು “ಬಂತು, ಇಳೀರಿ” ಅಂದಮೇಲೆ ಮುಂದೆ ಹೋಗಬೇಕು. ಹೀಗೆ ನಿಂತೂ ನಿಂತೂ ನಾನು ಚಂದ್ರಲೋಕದ ಎತ್ತರವನ್ನೆಲ್ಲ ಮುಟ್ಟಿ ಬಂದಿದ್ದೇನೆ.

ಹನ್ನೊಂದು ಜನರಲ್ಲಿ ಒಬ್ಬಳು ನನ್ನ ಅಮ್ಮ. ನನ್ನನ್ನು “ಡಾಕ್ಟ್ರೇ” ಎಂದು ಕರೆಯುತ್ತಾಳೆ. ಇಂಥ ಬಡ್ತಿಯನ್ನು ಬೇಡ ಎನ್ನುವಷ್ಟು ದಡ್ಡ ನಾನಲ್ಲ. ಬಂದ ಹೊಸದರಲ್ಲಿ ತನ್ನ ಕೋಣೆ ಸಿಗದೆ ದಿನವೂ ಅಳುತ್ತಿದ್ದಳು. ಅವಳ ಬಾಗಿಲಿಗೆ ಹಳದಿ ಬಣ್ಣ ಬಳಿದು, ಹತ್ತು ತಿಂಗಳು ಕೈ ಹಿಡಿದು ನಡೆಸಿದೆ. ಈಗ ಊಟದ ಮೇಜಿನಿಂದ ಎದ್ದು ಯಾರನ್ನೂ ಕೇಳದೆ ತಾನೇ ಹೋಗುತ್ತಾಳೆ. ಮನೆಯ ಲೈಸೆನ್ಸು ತಿಂಗಳ ಕೊನೆಗೆ ಮುಗಿಯುವುದಿತ್ತು. ತಪಾಸಣೆಯವರು ಒಪ್ಪದಿದ್ದರೆ ಮನೆ ಮುಚ್ಚಿ, ಎಲ್ಲರನ್ನೂ ಎಂಬತ್ತು ಹಾಸಿಗೆಯ ದೊಡ್ಡ ಕಟ್ಟಡಕ್ಕೆ ಸಾಗಿಸುತ್ತಾರೆ. ನಾನು ಹೋಗಿ ನೋಡಿ ಬಂದಿದ್ದೆ. ಅಲ್ಲಿ ಎಲ್ಲ ಬಾಗಿಲಿಗೂ ಒಂದೇ ಬಣ್ಣ. ಈ ಮಾತಿಗೆ ನಾನು ಉಪ್ಪು ಖಾರ ಹಚ್ಚಿಲ್ಲ.

ಆ ತಿಂಗಳ ಒಂದು ಮಂಗಳವಾರ ಹೊಸಬರೊಬ್ಬರು ಸೇರುವುದಿತ್ತು. ಅವರ ಸೊಸೆ ಫೋನಿನಲ್ಲಿ ಮೊದಲೇ ಹೇಳಿದ್ದಳು: “ನಮ್ಮ ಮಾವ ರಿಟೈರ್ ಆಗಿ ಐದು ವರ್ಷ ಆಯ್ತು. ಆದ್ರೆ ಇನ್ನೂ ಆಫೀಸರ್ ಅಂದ್ಕೊಂಡಿದಾರೆ. ಕೈಲಿ ಫೈಲ್ ಇದ್ದೇ ಇರುತ್ತೆ. ಸಿಟ್ಟು ಸ್ವಲ್ಪ ಜಾಸ್ತಿ.”

ನಮ್ಮ ಮನೆಯ ಉಸ್ತುವಾರಿ ನೋಡುವ ಮೇಟ್ರನ್ ಅಕ್ಕ ಔಷಧಿ ತರಲು ಹೊರಟವರು ಬಾಗಿಲಲ್ಲೇ ತಿರುಗಿ, “ಹತ್ತೂವರೆಗೆ ಬರ್ತಾರಪ್ಪ. ಇವತ್ತೊಂದಿನ ಬಡಾಯಿ ಕಡಿಮೆ ಮಾಡಿ ಕೆಲಸ ಜಾಸ್ತಿ ಮಾಡು” ಅಂದರು.

ಹತ್ತೂಕಾಲಿಗೇ ಗಂಟೆ ಬಡಿಯಿತು. ಬಾಗಿಲಲ್ಲಿ ನರೆತ ಕೂದಲಿನ ಯಜಮಾನರು. ಕಂಕುಳಲ್ಲಿ ಫೈಲು, ಮೂಗಿನ ತುದಿಯಲ್ಲಿ ಸಿಟ್ಟು.

“ನಾನು ತಪಾಸಣಾಧಿಕಾರಿ. ಮುನ್ಸೂಚನೆ ಕೊಡದೆ ಬಂದಿದೀನಿ.”

“ಹೌದು ಸಾರ್, ಬರ್ತೀರಿ ಅಂತ ಗೊತ್ತಿತ್ತು.”

ಅವರ ಹುಬ್ಬು ಗಂಟಿಕ್ಕಿತು. “ಯಾರು ಹೇಳಿದ್ದು?”

“ನಿಮ್ಮ ಸೊಸೆ.”

“ನನಗೆ ಮಕ್ಕಳೇ ಇಲ್ಲ ಕಣ್ರೀ!”

“ಇರಲ್ಲ ಬಿಡಿ ಸಾರ್” ಎಂದು ಬೆನ್ನಿಗೆ ಕೈ ಕೊಟ್ಟು ಒಳಗೆ ಕರೆದುಕೊಂಡೆ. ಅವರು ಜೇಬಿನಿಂದ ಗುರುತಿನ ಚೀಟಿ ತೆಗೆದು ನನ್ನ ಮೂಗಿನ ಮುಂದೆ ಹಿಡಿದರು. “ಫೋಟೋ ಬಹಳ ಚೆನ್ನಾಗಿ ಬಂದಿದೆ ಸಾರ್” ಎಂದು ಹೊಗಳಿ, ಜೋಪಾನವಾಗಿ ಅದನ್ನು ಅವರ ಜೇಬಿನಲ್ಲೇ ಇಟ್ಟೆ.

ಪಡಸಾಲೆಯಲ್ಲಿ ಲಿಫ್ಟ್ ತಾತ ಕತ್ತೆತ್ತಿದರು. “ಯಾವ ಮಹಡಿ?”

“ಮಹಡಿಯಾ? ಈ ಕಟ್ಟಡಕ್ಕೆ ಮಹಡಿ ಎಲ್ಲಿದೆ?”

ತಾತ ನನ್ನ ಕಡೆ ನೋಡಿ ದನಿ ತಗ್ಗಿಸಿ, “ಪಾಪ, ತಲೆ ಸರಿಯಿಲ್ಲ ಅನ್ಸುತ್ತೆ. ನಿಧಾನಕ್ಕೆ ಕರ್ಕೊಂಡ್ ಹೋಗಪ್ಪ” ಅಂದರು.

ಒಳಗೆ ಬೂಟು ಹಾಕಿಕೊಂಡು ಓಡಾಡುವಂತಿಲ್ಲ. ಅವರು ಕೂತು ಬೂಟು ಕಳಚಿದ್ದೇ ತಡ, ಟಬ್ಬು ತಂದು ಮುಂದಿಟ್ಟೆ. “ನಾನು ಕೆಲಸಕ್ಕೆ ಬಂದೋನು!” ಎಂದು ಗುಡುಗಿದರು. “ಕೆಲಸ ಎಲ್ಲಿಗೂ ಓಡಿಹೋಗಲ್ಲ ಸಾರ್, ಮಾಡ್ತಾ ಇರಿ. ಕಾಲು ಅದರ ಪಾಡಿಗೆ ನೆನೀಲಿ” ಅಂದೆ. ಹಿಮ್ಮಡಿ ಬಿರುಕು ಬಿಟ್ಟು, ಅದರೊಳಗೆ ಒಂದು ಸಂಸಾರ ಬಿಡಾರ ಹೂಡಬಹುದಿತ್ತು. “ಬಿಸಿ ಹೆಚ್ಚಾಯ್ತಾ ಸಾರ್?” ಎಂದು ಕೇಳಿದೆ. ಮೊದಲ ಸಲ ಗುರ್ ಎಂದರು. ಎರಡನೇ ಸಲ ಕಾಲ್ಬೆರಳುಗಳನ್ನು ನೀರಲ್ಲಿ ಆಡಿಸಿದರು. ಮೂರನೇ ಸಲ, “ಇನ್ನೊಂಚೂರು ಬಿಸಿ ಇದ್ರೆ ಹಾಕಿ” ಅಂದರು.

ಎಡಗಾಲು ನನ್ನ ತೊಡೆಯ ಮೇಲಿತ್ತು. ಅವರು ಫೈಲು ಬಿಚ್ಚಿದರು. “ಈ ವರ್ಷ ಎಷ್ಟು ಜನ ಬಿದ್ದಿದಾರೆ?”

ಪಾಪ, ಹಳೇ ಚಟ, ಆಡಲಿ ಎಂದುಕೊಂಡೆ. “ಇಬ್ಬರು ಸಾರ್. ಅದರಲ್ಲೊಬ್ಬರು ನಾನು ನೆಲ ಒರೆಸಿ ಒದ್ದೆ ಬಿಟ್ಟಿದ್ದರಿಂದ. ಪುಣ್ಯಕ್ಕೆ ಮೂಳೆ ಮುರೀಲಿಲ್ಲ.”

“ರಿಪೇರಿ ಏನಾದ್ರೂ?”

“ಸ್ನಾನದ ಮನೆ ಸೂರು ಸೋರುತ್ತೆ. ಕೊಡೆ ಹಿಡ್ಕೊಂಡು ಸ್ನಾನ ಮಾಡಿಸೋದು ಪ್ರಪಂಚದಲ್ಲಿ ನಾನೊಬ್ಬನೇ.”

ಅವರು ಬರೆದುಕೊಂಡರು. ನಾನು ಕಿರುಬೆರಳಿನ ಉಗುರು ಅರದಿಂದ ಉಜ್ಜುತ್ತ, “ಇದನ್ನೆಲ್ಲ ನಿಜವಾದ ಅಧಿಕಾರಿಗಳಿಗೆ ಹೇಳ್ಬೇಡಿ ಮತ್ತೆ. ಮನೆ ಮುಚ್ಚಿಸಿಬಿಡ್ತಾರೆ. ನಮ್ಮಮ್ಮ ಇಲ್ಲೇ ಇದಾಳೆ. ಅವಳ ಕೋಣೆ ಅವಳಿಗೆ ಗೊತ್ತಾಗೋಕೆ ಹತ್ತು ತಿಂಗಳು ಹಿಡೀತು. ಬೇರೆ ಕಡೆ ಹಾಕಿದ್ರೆ ಮತ್ತೆ ಮೊದಲಿಂದ ಅಳು” ಅಂದೆ.

ಅಷ್ಟರಲ್ಲಿ ಮತ್ತೆ ಗಂಟೆ. ಬಾಗಿಲು ತೆರೆದರೆ ಒಬ್ಬ ಹೆಂಗಸು, ಪಕ್ಕದಲ್ಲಿ ಫೈಲು ಹಿಡಿದ ಮುದುಕರು. “ಫೋನ್ ಮಾಡಿದ್ದೆನಲ್ಲ, ಇವರೇ ನಮ್ಮ ಮಾವ” ಅಂದಳು. ಅವರ ಬೆನ್ನಿಗೇ ಔಷಧಿ ಚೀಲ ಹಿಡಿದ ಮೇಟ್ರನ್ ಅಕ್ಕ. ಅಕ್ಕ ಒಳಗೆ ನೋಡಿದರು. ಚೀಲ ಕೈಯಿಂದ ಜಾರಿತು.

“ಸಾರ್! ಹೋದ ಸಲ ತಪಾಸಣೆಗೆ ಬಂದಿದ್ದು ನೀವೇ ಅಲ್ವಾ... ಟಬ್ಬಲ್ಲಿ ಯಾಕೆ ಸಾರ್?”

“ಇವರನ್ನೇ ಕೇಳಿ” ಎಂದು ಅವರು ಪೆನ್ನಿನಿಂದ ನನ್ನನ್ನು ತೋರಿಸಿದರು.

ನನ್ನ ಎದೆ ಬಡಿದ ಸದ್ದಿಗೆ ಪಕ್ಕದ ಬೀದಿಯವರು ಕಿಟಕಿ ತೆಗೆದಿರಬೇಕು. ಸೋರುವ ಸೂರು, ಒದ್ದೆ ನೆಲ, ಎಲ್ಲವನ್ನೂ ನಾನೇ ಕೈಯಾರೆ ಬರೆಸಿದ್ದೆ. ಕಣ್ಣ ಮುಂದೆ ಒಂದೇ ಬಣ್ಣದ ಎಂಬತ್ತು ಬಾಗಿಲು.

ಅಧಿಕಾರಿ ಎದ್ದರು. “ಇವರ ತಾಯಿ ಯಾರು?”

ಅಮ್ಮ ಮೇಜಿನ ಬಳಿ ಹಾಲು ಕುಡಿದು ಲೋಟ ಕೆಳಗಿಡುತ್ತಿದ್ದಳು. ಮೇಟ್ರನ್ ಅಕ್ಕ ತೋರಿಸಿದರು.

“ಅಮ್ಮಾ, ನಿಮ್ಮ ಕೋಣೆ ತೋರಿಸ್ತೀರಾ?”

ಅಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. “ಕಾಲು ಒರೆಸ್ಕೊಂಡು ಬನ್ನಿ” ಅಂದಳು. ಅವರು ಒರೆಸಿಕೊಂಡರು. ಅಮ್ಮ ಮುಂದೆ, ಅವರು ಬರಿಗಾಲಲ್ಲಿ ಹಿಂದೆ, ನಾವೆಲ್ಲ ಅವರ ಹಿಂದೆ. ಲಿಫ್ಟ್ ತಾತ ಕೇಳಿದರು. ಅಮ್ಮ “ಎರಡು” ಎಂದು ನಿಂತಳು. ತಾತ ಅಧಿಕಾರಿಯ ಮುಖ ನೋಡಿದರು. ಅವರು ಗಂಟಲು ಸರಿಮಾಡಿಕೊಂಡು, “ನಂಗೂ ಎರಡೇ” ಅಂದರು.

“ಬಂತು, ಇಳೀರಿ.”

ನೀಲಿ ಬಾಗಿಲು ದಾಟಿದಳು. ಬಿಳಿ ಬಾಗಿಲ ಮುಂದೆ ಕ್ಷಣ ನಿಂತಳು. ನನ್ನ ಕಾಲು ತಾನಾಗಿ ಮುಂದೆ ಹೋಯಿತು. ಅಧಿಕಾರಿ ಕೈ ಅಡ್ಡ ಇಟ್ಟು ತಡೆದರು. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಮುಂದೆ ನಡೆದು, ಹಳದಿ ಬಾಗಿಲು ತಳ್ಳಿ ಒಳಹೊಕ್ಕಳು. ಆಮೇಲೆ ತಿರುಗಿ, “ಇದು ನನ್ನ ಕೋಣೆ. ನೀವು ನಿಮ್ಮದಕ್ಕೆ ಹೋಗಿ. ಗೊತ್ತಾಗದಿದ್ರೆ ಆ ಡಾಕ್ಟ್ರನ್ನ ಕೇಳಿ, ತೋರಿಸ್ತಾರೆ. ಒಳ್ಳೆಯವ್ರೇ, ಬಾಯಿ ಮಾತ್ರ ಜಾಸ್ತಿ” ಎಂದು ಅವರ ಮುಖದ ಮೇಲೆ ಬಾಗಿಲು ಹಾಕಿದಳು.

ಅಧಿಕಾರಿಗೆ ನಗು ತಡೆಯಲಾಗಲಿಲ್ಲ. ಫೈಲನ್ನು ಗೋಡೆಗೆ ಒತ್ತಿ ಬರೆದರು, ಬರೆದದ್ದನ್ನು ಗಟ್ಟಿಯಾಗಿ ಓದಿದರು. ತಿಂಗಳೊಳಗೆ ಸೂರು ರಿಪೇರಿ ಆಗಬೇಕು. ನೆಲ ಒಣಗುವ ತನಕ ಅಲ್ಲಿ ಯಾರನ್ನೂ ಬಿಡಬಾರದು. ಬಾಗಿಲಿಗೆ ಬಂದವರ ಗುರುತಿನ ಚೀಟಿಯನ್ನು ಹೊಗಳುವ ಮೊದಲು ಓದಬೇಕು. ಲೈಸೆನ್ಸು ಎರಡು ವರ್ಷಕ್ಕೆ ಮುಂದುವರಿಸಿದೆ.

“ಸಾರ್, ಬಲಗಾಲು ಬಾಕಿ ಇದೆ” ಅಂದೆ. “ಅದೂ ಮುಗಿಸಿದ್ರೆ ಹತ್ತು ವರ್ಷಕ್ಕೆ ಬರೀತಿದ್ರಿ.”

“ಸುಮ್ನಿರೋ!” ಎಂದು ಮೇಟ್ರನ್ ಅಕ್ಕ ನನ್ನ ಭುಜಕ್ಕೆ ಗುದ್ದಿದರು. ಗುದ್ದಿದ ಕೈಯಲ್ಲೇ ಕಣ್ಣೊರೆಸಿಕೊಂಡರು.

ಅಮ್ಮ ದಿನಕ್ಕೆ ನಾಲ್ಕು ಸಲ ಮೇಜಿನಿಂದ ಎದ್ದು ಕೋಣೆಗೆ ಹೋಗುತ್ತಾಳೆ. ಎರಡು ವರ್ಷಕ್ಕೆ ಎರಡು ಸಾವಿರದ ಒಂಬೈನೂರ ಇಪ್ಪತ್ತು ಸಲ. ಮೇಟ್ರನ್ ಅಕ್ಕನಿಗೆ ನನ್ನ ಲೆಕ್ಕದ ಮೇಲೆ ನಂಬಿಕೆ ಬರಲಿಲ್ಲ. ಕಾಗದದ ಮೇಲೆ ಗುಣಿಸಿ ನೋಡಿ, ಮತ್ತೊಮ್ಮೆ ಗುಣಿಸಿ, “ಅಯ್ಯೋ, ಸರಿಯಾಗೇ ಇದೆಯಲ್ಲೋ!” ಅಂದರು.