ತಿಪ್ಪೇಶನ ಹೊಲ

“ಕೆಳಗ ನಿಂದ್ರಲೇ ಹುಲುಗಿ! ಮನ್ಯಾಗ ಹೆಣ ಇಟ್ಕಂಡು ಬಂದು ಧಣಿ ಕಟ್ಟಿ ಹತ್ತತೀಯಲ್ಲ, ಬುದ್ಧಿ ಐತೇನ್ ನಿನಗ?”

ಕೂಗಿದವನು ಧಣಿಯ ಅಕ್ಕಿ ಮಿಲ್ಲಿನ ಗುಮಾಸ್ತ ಗವಿಸಿದ್ದಪ್ಪ. ದಿನವೂ ಈ ಕಟ್ಟೆಯನ್ನು ತಿಕ್ಕಿ ತೊಳೆಯುವವಳು ನಾನೇ. ಇಂದು ಮೆಟ್ಟಿಲು ಇಳಿದು ನಿಂತೆ. ಜಗಳವಾಡಲು ಮೈಯಲ್ಲಿ ತ್ರಾಣ ಇರಲಿಲ್ಲ. ಅತ್ತೆ ದುರುಗಮ್ಮ ನಸುಕಿನಲ್ಲಿ ಸತ್ತಿದ್ದಳು.

ಧಣಿ ಚನ್ನಬಸವರಾಜರು ಜಿಲ್ಲೆಗೇ ದೊಡ್ಡ ಲೀಡರು. ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು, ಬಂದವರಿಗೆಲ್ಲ ಫೋನಿನಲ್ಲಿ ಸುದ್ದಿ ತೋರಿಸುತ್ತಿದ್ದರು.

“ಇಲ್ನೋಡ್ರಿ, ಯಾವ್ದೋ ದೇಶದಾಗ ಕಾಯ್ದೆ ತರಾಕ ಹತ್ಯಾರಂತ. ಹೊರದೇಶದ ಲೀಡರ್‌ಗಳು ಎಲ್ಲೆಲ್ಲಿ ಆಸ್ತಿ ಬಚ್ಚಿಟ್ಟಾರ, ಯಾರ್ಯಾರ ಹೆಸರಿಗಿ ಮಾಡ್ಯಾರ, ಎಲ್ಲಾ ಬಯಲಿಗಿ ಎಳೀತಾರಂತ. ಡ್ರೈವರ್ ಹೆಸರಿಗೊಂದು ಬಂಗ್ಲೆ, ಅಡಿಗಿಯಾಕಿ ಹೆಸರಿಗೊಂದು ತ್ವಾಟ! ಥೂ, ಕಳ್ ನನ್ಮಕ್ಳು.”

ಊರವರು ಹೌದ್ರಿ ಹೌದ್ರಿ ಎಂದರು. ಒಬ್ಬನೂ ನನ್ನ ಕಡೆ ನೋಡಲಿಲ್ಲ. ಕಾಲುವೆ ಪಕ್ಕದ ಧಣಿಯ ಹೊಲ ನನ್ನ ಗಂಡ ತಿಪ್ಪೇಶನ ಹೆಸರಿನಲ್ಲಿರುವುದು ನಮ್ಮೂರು ಹಚ್ಚೊಳ್ಳಿಗೆಲ್ಲ ಗೊತ್ತು. ಅವನಿಗೆ ಹೊಸ ಅಂಗಿ ತೊಡಿಸಿ, ಕಾರಿನಲ್ಲಿ ಸಿರುಗುಪ್ಪದ ನೋಂದಣಿ ಕಚೇರಿಗೆ ಕರೆದೊಯ್ದು ಹೆಬ್ಬೆಟ್ಟು ಒತ್ತಿಸಿದ್ದರು. ಊರಿಗೆ ಬಂದ ಕೂಡಲೇ ಗವಿಸಿದ್ದಪ್ಪ ಆ ಅಂಗಿಯನ್ನು ಬಿಚ್ಚಿಸಿಕೊಂಡ. ಆ ಹೊಲದಲ್ಲಿ ನಾವು ಕೂಲಿಗೆ ನಾಟಿ ಹಚ್ಚುತ್ತೇವೆ. ನಿಮಗೆ ನೀರಾವರಿ ಹೊಲ ಇದೆಯಲ್ಲ ಎಂದು ತಾಲ್ಲೂಕು ಕಚೇರಿಯವರು ನಮ್ಮ ರೇಷನ್ ಕಾರ್ಡು ರದ್ದು ಮಾಡಿದರು. ಅತ್ತೆ ನುಚ್ಚಿನ ಗಂಜಿ ಕುಡಿಯುತ್ತಲೇ ಸತ್ತಳು.

“ಧಣೇರ, ಮುದುಕೀನ ಮಣ್ಣು ಮಾಡಾಕ ಜಾಗ ಇಲ್ರಿ,” ಎಂದೆ. “ನಮ್ ಸುಡುಗಾಡು ನಿಮ್ಮ ಮಿಲ್ಲಿನ ಕಾಂಪೌಂಡಿನಾಗ ಹೋತು. ಗೇಟ್ ತೆಗಸ್ರಿ, ಒಂದು ಮೂಲ್ಯಾಗ ಹೂಳ್ತೀವಿ.”

“ಅಲ್ಲಿ ಭತ್ತ ಒಣಹಾಕೀವಿ. ಉಣ್ಣೋ ಅನ್ನದ ಮಗ್ಗಲಾಗ ಹೆಣ ಹೂಳ್ತೀಯೇನು?” ಧಣಿ ಫೋನಿನಿಂದ ತಲೆ ಎತ್ತಲಿಲ್ಲ. “ಕೆಂಚನಗುಡ್ಡಕ್ಕ ಒಯ್ರಿ. ಹೊಳಿ ದಂಡಿ ಐತಿ.”

“ಅಷ್ಟು ದೂರ ಹೆಂಗ ಹೊತ್ಕಂಡು ಹೋಗಾದ್ರಿ? ಟ್ರ್ಯಾಕ್ಟರ್ ಕೊಡಸ್ರಿ.”

“ನಿಮ್ಮತ್ತಿದು ಮದಿವಿ ಮೆರವಣಿಗೇನ್ಲೇ?” ಎಂದ ಗವಿಸಿದ್ದಪ್ಪ. ಎಲ್ಲರೂ ನಕ್ಕರು. ಧಣಿಯೂ ನಕ್ಕರು.

ಮನೆಗೆ ಬಂದೆ. ತಿಪ್ಪೇಶ ಗೋಡೆಗೊರಗಿ ಕೂತಿದ್ದ.

“ಏಳು. ನಿನ್ ಹೊಲಕ್ಕ ಒಯ್ಯಾನ.”

“ಹುಚ್ಚು ಹಿಡದೈತೇನ್ ನಿನಗ? ಕೊಂದ್ ಹಾಕ್ತಾರ.”

“ಹೆಸರು ನಿಂದೈತೋ ಇಲ್ಲೋ?”

ಚಟ್ಟ ಎತ್ತುವಾಗ ಅವನೇ ಮುಂದೆ ಬಂದು ಹೆಗಲು ಕೊಟ್ಟ.

ಹೊಲದ ಕೊಯ್ಲು ಮುಗಿದಿತ್ತು. ಕಾಲುವೆ ಕಡೆಯ ಮೂಲೆಯಲ್ಲಿ ಕೇರಿಯವರು ಕುಣಿ ತೋಡಿದರು. ಇನ್ನೇನು ಹೆಣ ಇಳಿಸಬೇಕು, ಗವಿಸಿದ್ದಪ್ಪನ ಬೈಕು ಬಂತು.

“ಯಾರಪ್ಪನ ಹೊಲ ಅಂತ ಕುಣಿ ತೋಡೀರಲೇ, ಸೂಳೆಮಕ್ಳಾ!”

“ನೀನೇ ಹೇಳಪ,” ಎಂದೆ. “ಯಾರಪ್ಪಂದು? ಹೆಸರು ಹೇಳು.”

ನಾದಿನಿ ಹೇಮಾ ಫೋನು ಎತ್ತಿ ಹಿಡಿದಿದ್ದಳು. ವಿಡಿಯೊ ಆಗುತ್ತಿತ್ತು. ಗವಿಸಿದ್ದಪ್ಪ ಧಣಿಗೆ ಫೋನು ಹಚ್ಚಿದ.

“ಧಣೇರ, ನಿಮ್ಮ...” ಎಂದವನು ಹೇಮಾಳ ಕೈಯ ಫೋನು ನೋಡಿ ಮಾತು ತಡೆದ. “ತಿಪ್ಪೇಶನ ಹೊಲದಾಗ ಹೆಣ ಹೂಳಾಕ ಹತ್ಯಾರ್ರಿ.”

ಆ ಕಡೆಯಿಂದ ಏನು ಹೇಳಿದರೋ ತಿಳಿಯದು. ಅವನು ಫೋನು ಜೇಬಿಗಿಟ್ಟು, ಕಾಲುವೆ ಏರಿ, ಹೊಲಕ್ಕೆ ನೀರು ಬಿಡುವ ತೂಬಿನ ಹಲಗೆ ಎತ್ತಿದ.

ನೀರು ಭತ್ತದ ಕೂಳೆಗಳ ನಡುವೆ ಹಾಯ್ದು ನೇರ ಕುಣಿಯ ಕಡೆ ಬಂತು. ಹೆಂಗಸರು ಕೈಯಿಂದಲೇ ಮಣ್ಣು ಎಳೆದು ಅಡ್ಡ ಹಾಕಿದರು. ಚಟ್ಟದ ಪಕ್ಕ ಕುಸಿದು ಕೂತೆ. “ಸತ್ತಾಕಿನ್ನೂ ಬಿಡವಲ್ರಲ್ಲವ್ವೋ!” ಎಂದು ಜೋರಾಗಿ ಅತ್ತುಬಿಟ್ಟೆ.

ತಿಪ್ಪೇಶ ಸಲಿಕೆ ತೆಗೆದುಕೊಂಡು ಕಾಲುವೆ ಏರಿದ. ಗವಿಸಿದ್ದಪ್ಪನ ಮುಂದೆ ಅವನು ತಲೆ ಎತ್ತಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

“ನನ್ ಹೊಲಕ್ಕ ಈಗ ನೀರು ಬ್ಯಾಡ,” ಎಂದ. “ಹಲಗಿ ಇಳಸಲೇ, ಗವಿಸಿದ್ದ.”

ಗವಿಸಿದ್ದಪ್ಪ ಇಳಿಸಲಿಲ್ಲ. ತಿಪ್ಪೇಶನೂ ಅಲ್ಲಿಂದ ಕದಲಲಿಲ್ಲ. ನಾವು ಮುದುಕಿಯನ್ನು ಇಳಿಸಿದೆವು. ಕುಣಿಯಲ್ಲಿ ಆಗಲೇ ಪಾದ ಮುಳುಗುವಷ್ಟು ನೀರಿತ್ತು.