ಕಣಜದ ಗೋಡೆ

ಚಾಕು ಮತ್ತೆ ಜಾರಿತು. ಬಿಳಿ ಪ್ಲಾಸ್ಟಿಕ್ ಹಾಳೆಯ ಮೇಲೆ ನೆಟ್ಟಗೆ ಹೊರಟಿದ್ದ ಗೆರೆ ನಡುದಾರಿಯಲ್ಲಿ ಸೊಟ್ಟಗಾಗಿ, ಹಾಳೆಯಲ್ಲಿ ಗುರುತು ಹಾಕಿದ್ದ ಕಿಟಕಿಯೊಳಕ್ಕೇ ನುಗ್ಗಿಬಿಟ್ಟಿತು. ಆಯ್ಲಿ ಕೊಸ್ಕಿ ಆ ಪುಟ್ಟ ಗೋಡೆಯನ್ನೂ ಎತ್ತಿ ಕಸದ ಬುಟ್ಟಿಗೆ ಹಾಕಿದಳು.

"ಕೊಡೇ ಇಲ್ಲಿ, ನಾನ್ ಕತ್ತರಿಸ್ತೀನಿ. ನೀನು ಬಣ್ಣ ಹಚ್ಚು ಸಾಕು," ಎಂದ ಗ್ಲೆನ್.

ಥಂಡರ್ ಬೇ ಊರಿನಲ್ಲಿ ಪುಟ್ಟ ರೈಲುಗಳ ಮಾದರಿ ಕಟ್ಟುವವರ ಸಂಘಕ್ಕೆ ಅವನೇ ಅಧ್ಯಕ್ಷ. ಚರ್ಚಿನ ನೆಲಮಾಳಿಗೆಯಲ್ಲಿ ಅವರ ಪುಟ್ಟ ಬಂದರು, ಪುಟ್ಟ ಹಳಿಗಳು ಎಲ್ಲ ಸಿದ್ಧವಾಗಿದ್ದವು. ಸರೋವರದ ದಂಡೆಯಲ್ಲಿ ಒಂದು ಜಾಗ ಮಾತ್ರ ಖಾಲಿ. ಅಲ್ಲಿ ಬಂದರಿನ ದೊಡ್ಡ ಧಾನ್ಯದ ಕಣಜದ ಮಾದರಿ ನಿಲ್ಲಬೇಕು. ಆಯ್ಲಿ ಪ್ರಾಯವೆಲ್ಲ ಗೋಧಿ ತೂಗಿದ ಕಣಜ ಅದು. ನಿಜವಾದದ್ದನ್ನು ಕೆಡವಿ ಹಾಕಿಯಾಗಿದೆ.

"ಶನಿವಾರ ಪ್ರದರ್ಶನಕ್ಕೆ ಜನ ಬರ್ತಾರೆ. ಅಷ್ಟರೊಳಗೆ ಆಗ್ಲಿಲ್ಲ ಅಂದ್ರೆ ಅಂಗಡೀಲಿ ಡಬ್ಬಿಯಲ್ಲಿ ಬರೋ ಸಿದ್ಧ ಕಣಜಾನೇ ಒಂದು ಜೋಡಿಸಿ ಇಡೋಣ ಅಂತಿದಾರೆ ಎಲ್ರೂ."

"ಅದು ಯಾವೂರಿನ ಕಣಜವೋ ಏನೋ. ಅದನ್ನ ನಿಲ್ಸಿ, ನೋಡೋಕೆ ನನ್ನನ್ನೂ ಕರೀತೀಯಾ?"

"ಹಠಮಾರಿ ಮುದುಕಿ ಕಣೇ ನೀನು."

"ನೀನೇನು ಎಳೆ ಮಗು ನೋಡು."

ಪಾರ್ಶ್ವವಾಯು ಬಡಿದ ಮೇಲೆ ಅವಳ ಬಲಗೈಗೆ ಕಸುವಿಲ್ಲ. ಎಡಗೈಗೆ ಕಸುವುಂಟು, ನಯವಿಲ್ಲ. ಬಲಗೈ ಕೆಳಗಿನ ಸ್ಕೇಲು ಜರುಗುತ್ತದೆ, ಎಡಗೈ ಸಿಟ್ಟಿನಿಂದ ಚಾಕುವನ್ನು ಒತ್ತುತ್ತದೆ. ಈ ಹಾಳೆಯನ್ನು ಒಂದೇ ಏಟಿಗೆ ಕತ್ತರಿಸಲು ಹೋದರೆ ಆಯಿತು ಕಥೆ! ಮೊದಲು ತೆಳ್ಳಗೆ ಗೀರಬೇಕು, ಅದೇ ಗೀರಿನಲ್ಲಿ ಮತ್ತೆ ಮತ್ತೆ ಎಳೆಯಬೇಕು, ಆಮೇಲೆ ಬಗ್ಗಿಸಿದರೆ ತಾನಾಗಿ ಮುರಿಯುತ್ತದೆ. ಸಂಘದ ಹೊಸಬರಿಗೆಲ್ಲ ಇದನ್ನು ಹೇಳಿಕೊಟ್ಟವಳೇ ಅವಳು. ಒತ್ತಬೇಡ್ರೋ, ಚಾಕುವಿನ ಭಾರವೇ ಸಾಕು ಎಂದು ಗದರಿಸಿದ್ದೆಷ್ಟೋ. ಈಗ ತಾನೇ ಒತ್ತುತ್ತಿದ್ದೇನಲ್ಲ, ಥೂ, ಎಂದು ತನ್ನ ಮೇಲೇ ರೇಗಿಕೊಂಡಳು.

ಚಾಕುವಿನ ಭಾರವೇ ಸಾಕು ಅಂದಮೇಲೆ ಅದನ್ನು ಹಿಡಿಯಲು ಬಲವಾದ ಕೈ ಯಾಕೆ? ಬಲ ಬೇಕಿರುವುದು ಸ್ಕೇಲಿಗೆ.

ಅವಳು ಚಾಕುವನ್ನು ಬಲಗೈಗೆ ಬದಲಾಯಿಸಿದಳು. ಬೆರಳುಗಳು ನಿಧಾನವಾಗಿ ಅದರ ಸುತ್ತ ಮಡಚಿಕೊಂಡವು. ಎಡಗೈಯನ್ನು ಸ್ಕೇಲಿನ ಮೇಲೆ ಊರಿದಳು. ಸ್ಕೇಲು ಈ ಸಲ ಅಲ್ಲಾಡಲಿಲ್ಲ.

"ಆ ಕೈಲಿ ಆಗಲ್ಲ ಕಣೇ, ಡಾಕ್ಟ್ರು ಹೇಳಿದಾರಲ್ಲ..."

"ಡಾಕ್ಟ್ರು ಪ್ಲಾಸ್ಟಿಕ್ ಕತ್ತರಿಸ್ತಾರೇನು? ಸುಮ್ನಿರು."

ಮೊದಲ ಗೀರು ಕಣ್ಣಿಗೇ ಕಾಣಲಿಲ್ಲ. ಅವಳು ಮತ್ತೆ ಎಳೆದಳು. ಬೆರಳು ಸೋತಾಗ ಇಡೀ ತೋಳನ್ನೇ ಹಿಂದಕ್ಕೆ ಎಳೆದಳು. ಭುಜ ನೋಯಿತು, ಕಾಫಿ ಆರಿತು, ಗ್ಲೆನ್ ತನ್ನ ಬನ್ನನ್ನೂ ಅವಳ ಬನ್ನನ್ನೂ ತಿಂದು ಮುಗಿಸಿದ. ಅವಳು ಬಿಟ್ಟರೆ ತಾನೇ. ಗೀರು ಕೊನೆಗೆ ದಾರದಷ್ಟು ಆಳಕ್ಕಿಳಿಯಿತು. ಹಾಳೆಯನ್ನು ಮೇಜಿನ ಅಂಚಿಗಿಟ್ಟು ಎರಡೂ ಕೈಯಿಂದ ಬಗ್ಗಿಸಿದಳು. ಟಕ್ ಎಂದಿತು.

ಅಂಚಿನ ಮೇಲೆ ಬೆರಳಾಡಿಸಿ ನೋಡಿದಳು. ನೆಟ್ಟಗಿತ್ತು. ಅಳು ಉಕ್ಕಿ ಬಂತು, ಆದರೆ ಅಳುತ್ತ ಕೂರಲು ಪುರಸೊತ್ತಿರಲಿಲ್ಲ.

ಗ್ಲೆನ್ ಬಾಯಿ ಒರೆಸಿಕೊಂಡು ಚಾಕುವಿಗೆ ಕೈ ಚಾಚಿದ. "ಉಳಿದ ಗೋಡೆ ನಾನು..."

"ನಿನ್ನ ಕೈ ಭಾರ ಕಣೋ," ಎಂದಳು ಆಯ್ಲಿ. "ಆ ದೀಪ ಈ ಕಡೆ ತಿರುಗಿಸು."

ಅವನು ದೀಪದ ಕತ್ತು ಬಗ್ಗಿಸಿ ಹಿಡಿದುಕೊಂಡ. ಹೊಸ ಹಾಳೆಯ ಮೇಲೆ ಅವಳ ಬಲಗೈಯ ನೆರಳು ಬಿದ್ದು, ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತು.